ಮೈನಸ್ ಐದು 251 ಆದದ್ದು ಹೇಗೆ?

ಪ್ರಶ್ನೆ: ನಾನು ಕಂಪ್ಯೂಟರ್ ವಿಜ್ಞಾನ ಓದಿದವನಲ್ಲ. ಎರಡು ವರ್ಷಗಳಿಂದ ಸ್ವಂತವಾಗಿ ಪೈಥಾನ್ ಕಲಿತು, ಈಗ ಉಷ್ಣಾಂಶ ಅಳೆಯುವ ಸೆನ್ಸರ್‌ಗಳಿಂದ ಮಾಹಿತಿ ಓದುವ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಸೆನ್ಸರ್ ಪ್ರತಿ ಅಳತೆಯನ್ನೂ ಎರಡು ಅಕ್ಷರಗಳ ಹೆಕ್ಸಾಡೆಸಿಮಲ್ (ಹೆಕ್ಸ್, ಅಂದರೆ ಹದಿನಾರು ಅಂಕಿಗಳ ಪದ್ಧತಿಯ) ಪಠ್ಯವಾಗಿ ಕಳುಹಿಸುತ್ತದೆ. ಸೊನ್ನೆಗಿಂತ ಮೇಲಿನ ಉಷ್ಣಾಂಶ ಸರಿಯಾಗಿ ಬರುತ್ತದೆ. ಶೈತ್ಯಾಗಾರದ ಸೆನ್ಸರ್ ಮಾತ್ರ ಮೈನಸ್ 5 ಇರುವಾಗ ‘ಎಫ್‌ಬಿ’ ಎಂದು ಕಳುಹಿಸುತ್ತದೆ, ಅದನ್ನು ದಶಮಾನಕ್ಕೆ ಪರಿವರ್ತಿಸಿದರೆ 251 ಆಗುತ್ತದೆ. ‘ಕಂಪ್ಯೂಟರಿಗೆ ಅರ್ಥವಾಗುವುದು ಹೆಕ್ಸ್ ಮಾತ್ರ, ಎಲ್ಲವನ್ನೂ ಹಾಗೆಯೇ ಇಟ್ಟರೆ ವೇಗ ಹೆಚ್ಚು’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಡೇಟಾಬೇಸ್‌ನಲ್ಲಿ ಹೆಕ್ಸ್‌ಗೊಂದು, ದಶಮಾನಕ್ಕೊಂದು ಕಾಲಂ ಮಾಡಿದ್ದೇನೆ. ಸೆನ್ಸರ್‌ಗಳ ಗುರುತಿನ ಸಂಕೇತಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಾಗ ‘0012’ ಎಂಬುದು 12 ಆಯಿತು, ‘12ಇ4’ ಎಂಬುದು 120000 ಆಯಿತು. ಇನ್ನೊಂದು ಗೊಂದಲ: 0.1ನ್ನು ಸೊನ್ನೆ, ಒಂದುಗಳ ಬೈನರಿಗೆ ತರಲು ನಾನೇ ಒಂದು ಫಂಕ್ಷನ್ ಬರೆದೆ. ಅದು ಬಿಂದುವಿನ ಬಳಿಕ 55 ಅಂಕಿ ಕೊಟ್ಟು ನಿಂತಿತು. ಆದರೆ 0.1ರ ಬೈನರಿ ರೂಪ ಮುಗಿಯುವುದೇ ಇಲ್ಲ ಎಂದು ಓದಿದ್ದೇನೆ. ನನ್ನ ಗಣಿತವೇ ಸರಿಯಿಲ್ಲವೇ? ಬೇಸ್ ಬದಲಾವಣೆಗೆ, ಅಂದರೆ ಸಂಖ್ಯೆಯನ್ನು ಒಂದು ಎಣಿಕೆ ಪದ್ಧತಿಯಿಂದ ಇನ್ನೊಂದಕ್ಕೆ ತರಲು, ನನ್ನದೇ ಫಂಕ್ಷನ್ ಬಳಸಲೇ, ಭಾಷೆಯೊಂದಿಗೆ ಬರುವುದನ್ನು ಬಳಸಲೇ?

ಉತ್ತರ: ನಿಮ್ಮ ಗಣಿತ ಸರಿಯಾಗಿಯೇ ಇದೆ. ಹೆಕ್ಸ್‌ನಲ್ಲಿ ಎಫ್ ಎಂದರೆ 15, ಬಿ ಎಂದರೆ 11. ಹದಿನೈದನ್ನು ಹದಿನಾರರಿಂದ ಗುಣಿಸಿದರೆ 240, ಅದಕ್ಕೆ 11 ಕೂಡಿಸಿದರೆ 251. ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಮೈನಸ್ 5 ಬರಲಿಲ್ಲ ಎಂಬ ತೊಂದರೆಗೂ ಬೇಸ್ ಬದಲಾವಣೆಗೂ ಸಂಬಂಧವೇ ಇಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಿಜವಾಗಿ ಬೇಸ್‌ಗೆ ಸೇರಿದ ಪ್ರಶ್ನೆ ಒಂದೇ, ಆ 55 ಅಂಕಿಗಳದ್ದು. ಮಿಕ್ಕವು ಬೇಸ್‌ನ ವೇಷ ತೊಟ್ಟು ಬಂದ ಬೇರೆ ಸಮಸ್ಯೆಗಳು. ವೇಷ ಕಳಚಿದರೆ ಒಂದೊಂದೂ ಸಣ್ಣದೇ.

ಮೊದಲು ಒಂದು ಪ್ರಯೋಗ ಮಾಡಿ. ಪೈಥಾನ್‌ನ ‘ಇಂಟ್’ ಫಂಕ್ಷನ್‌ಗೆ ‘೧೨’ ಎಂದು ಕನ್ನಡ ಅಂಕಿಗಳಲ್ಲಿ ಬರೆದ ಪಠ್ಯ ಕೊಡಿ. ಅದು ತಕರಾರಿಲ್ಲದೆ 12 ಎಂದು ಉತ್ತರಿಸುತ್ತದೆ. ಯೂನಿಕೋಡ್‌ನಲ್ಲಿ ದಶಮಾನ ಅಂಕಿ ಎಂದು ಗುರುತಿಸಿರುವ ಯಾವ ಲಿಪಿಯ ಅಂಕಿಯನ್ನಾದರೂ ಅದು ಓದಬಲ್ಲದು. ಈಗ ಹೇಳಿ, ಪ್ರೋಗ್ರಾಮಿನ ಒಳಗೆ ಹೋಗಿ ಕುಳಿತದ್ದು ಕನ್ನಡದ ಹನ್ನೆರಡೋ, ಇಂಗ್ಲಿಷಿನ ಹನ್ನೆರಡೋ? ಪ್ರಶ್ನೆಗೆ ಅರ್ಥವೇ ಇಲ್ಲ. ಲಿಪಿ ಬಾಗಿಲಲ್ಲೇ ಉಳಿಯಿತು, ಒಳಗೆ ಹೋದದ್ದು ಬರೀ ಸಂಖ್ಯೆ. ಬೇಸ್ ಕೂಡ ಲಿಪಿಯ ಹಾಗೆಯೇ. ಅದು ಸಂಖ್ಯೆಯ ಗುಣವಲ್ಲ, ಸಂಖ್ಯೆಯನ್ನು ಬರೆಯುವ ರೀತಿ. ಶಾಲೆಯಲ್ಲಿ ನಾವು ಬಿಡಿ, ಹತ್ತು, ನೂರು ಎಂದು ಕಲಿತ ಸ್ಥಾನಗಳು ಹೆಕ್ಸ್‌ನಲ್ಲಿ ಬಿಡಿ, ಹದಿನಾರು, ಇನ್ನೂರ ಐವತ್ತಾರು ಆಗುತ್ತವೆ. ‘12ಸಿ’ ಎಂದರೆ ಒಂದು ಇನ್ನೂರ ಐವತ್ತಾರು, ಎರಡು ಹದಿನಾರು, ಹನ್ನೆರಡು ಬಿಡಿ. ಒಟ್ಟು 300. ಬರಹ ಎರಡಾದರೂ ಸಂಖ್ಯೆ ಒಂದೇ.

ಆದ್ದರಿಂದ ಬೇಸ್ ಬದಲಾವಣೆ ನಡೆಯುವುದು ಎರಡೇ ಜಾಗಗಳಲ್ಲಿ: ಪಠ್ಯ ಒಳಗೆ ಬಂದು ಸಂಖ್ಯೆಯಾಗುವಾಗ, ಸಂಖ್ಯೆ ಹೊರಗೆ ಹೋಗಿ ಪಠ್ಯವಾಗುವಾಗ. ನಡುವೆ ಬೇಸ್ ಎಂಬುದೇ ಇಲ್ಲ. ಹೊಸಬರ ಕೋಡ್ ನೋಡುವಾಗ ‘ಹೆಕ್ಸ್ ವ್ಯಾಲ್ಯೂ’ ಎಂಬಂಥ ಹೆಸರಿನ ವೇರಿಯಬಲ್ ಕಂಡರೆ ನಾನು ಅಲ್ಲಿಯೇ ನಿಲ್ಲುತ್ತೇನೆ. ಅದರಲ್ಲಿರುವುದು ಪಠ್ಯವೋ ಸಂಖ್ಯೆಯೋ ಎಂದು ಕೇಳಿದರೆ ಬರೆದವರೇ ತಡವರಿಸುತ್ತಾರೆ. ಪೈಥಾನ್‌ನ ‘ಹೆಕ್ಸ್’ ಫಂಕ್ಷನ್ ಕೊಡುವುದು ಪಠ್ಯ. ಅದಕ್ಕೆ 1 ಕೂಡಿಸಲು ಹೋದರೆ ಪೈಥಾನ್ ದೋಷ ತೋರಿಸಿ ನಿಲ್ಲಿಸುತ್ತದೆ, ಪುಣ್ಯಕ್ಕೆ. ಜಾವಾಸ್ಕ್ರಿಪ್ಟ್‌ಗೆ ಆ ದಾಕ್ಷಿಣ್ಯವಿಲ್ಲ. 255ನ್ನು ಹೆಕ್ಸ್ ಪಠ್ಯ ಮಾಡಿ ಅದಕ್ಕೆ 1 ಕೂಡಿಸಿದರೆ ‘ಎಫ್‌ಎಫ್1’ ಎಂದು ಅಂಟಿಸಿ ಸುಮ್ಮನಾಗುತ್ತದೆ.

ಮೂಲ ಕೋಡ್‌ನಲ್ಲಿ ನಾವು ಟೈಪ್ ಮಾಡುವ ಅಂಕಿಯೂ ಬರಹವೇ ಎಂಬುದನ್ನು ಮರೆಯುವುದು ಸುಲಭ. ನಾನೇ ಒಮ್ಮೆ ಮರೆತಿದ್ದೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತದ ಅನುಮತಿಗಳನ್ನು 755 ಎಂದು ಅಷ್ಟಮಾನದಲ್ಲಿ, ಅಂದರೆ ಬೇಸ್ 8ರಲ್ಲಿ ಬರೆಯುವ ರೂಢಿ. ಪೈಥಾನ್‌ನಿಂದ ಅನುಮತಿ ಬದಲಿಸುವಾಗ ಮುಂದೆ ‘ಸೊನ್ನೆ ಓ’ ಹಚ್ಚದೆ ಬರೀ 755 ಎಂದು ಬರೆದೆ. ಭಾಷೆ ಅದನ್ನು ದಶಮಾನದ ಏಳುನೂರ ಐವತ್ತೈದು ಎಂದು ಓದಿತು. ಅದರ ಅಷ್ಟಮಾನ ರೂಪ 1363. ಅಂದರೆ ಕಡತದ ಒಡೆಯನಿಗೆ ಬರೆಯುವ, ಓಡಿಸುವ ಹಕ್ಕು ಇದೆ, ಓದುವ ಹಕ್ಕು ಇಲ್ಲ! ಪ್ರೋಗ್ರಾಮ್ ತಾನೇ ಬರೆದ ಕಡತವನ್ನು ತಾನೇ ಓದಲಾರದೆ ಬಿದ್ದುಹೋಯಿತು. ಕಾರಣ ಕಂಡುಹಿಡಿಯಲು ನನಗೆ ಅರ್ಧ ದಿನ ಹಿಡಿಯಿತು, ಏಕೆಂದರೆ ಕೋಡ್ ನೋಡಿದಾಗಲೆಲ್ಲ 755 ಸರಿಯಾಗಿಯೇ ಕಾಣುತ್ತಿತ್ತು. ಸಿ ಭಾಷೆಯಲ್ಲಿ ಇದರ ತಿರುಗುಮುರುಗು ಬಲೆ ಇದೆ. ಅಂದವಾಗಿ ಕಾಣಲೆಂದು 10ರ ಮುಂದೆ ಸೊನ್ನೆ ಹಾಕಿ 010 ಎಂದು ಬರೆದರೆ ಅದು ಅಷ್ಟಮಾನವಾಗಿ 8 ಆಗುತ್ತದೆ. ಪೈಥಾನ್ 3ರಲ್ಲಿ ಹಾಗೆ ಬರೆಯಲು ಬಿಡುವುದೇ ಇಲ್ಲ, ಅದು ಒಳ್ಳೆಯ ನಿರ್ಧಾರ.

ಈಗ ನಿಮ್ಮ ಹಿರಿಯ ಸಹೋದ್ಯೋಗಿಯ ಮಾತು. ಕಂಪ್ಯೂಟರ್‌ನ ಒಳಗಿರುವುದು ಹೆಕ್ಸ್ ಅಲ್ಲ, ಬಿಟ್‌ಗಳು, ಅಂದರೆ ಒಂದೊಂದೂ ಸೊನ್ನೆ ಅಥವಾ ಒಂದು. ಹೆಕ್ಸ್ ಇರುವುದು ನಮ್ಮ ಕಣ್ಣಿನ ಅನುಕೂಲಕ್ಕೆ. ಹದಿನಾರು ಎಂದರೆ ಎರಡರ ನಾಲ್ಕನೇ ಘಾತವಾದ್ದರಿಂದ ಒಂದು ಹೆಕ್ಸ್ ಅಂಕಿ ಸರಿಯಾಗಿ ನಾಲ್ಕು ಬಿಟ್‌ಗಳಿಗೆ ಹೊಂದುತ್ತದೆ. 12ಸಿ ಎಂಬುದನ್ನು ನೋಡಿದೊಡನೆ 0001, 0010, 1100 ಎಂದು ಬಾಯಲ್ಲೇ ಹೇಳಬಹುದು. ಅದೇ ಬಿಟ್‌ಗಳನ್ನು ಬಲದಿಂದ ಮೂರು ಮೂರಾಗಿ ಕಟ್ಟಿದರೆ 100, 101, 100, ಅಂದರೆ ಅಷ್ಟಮಾನದ 454. 300 ಎಂಬ ದಶಮಾನ ಬರಹಕ್ಕೆ ಈ ಸೌಲಭ್ಯವಿಲ್ಲ. ಹತ್ತು ಎರಡರ ಘಾತವಲ್ಲದ ಕಾರಣ ಅಲ್ಲಿ ಭಾಗಾಕಾರ ಮಾಡಲೇಬೇಕು. ಹಳೆಯ ಯಂತ್ರಗಳ ‘ಪದ’ಗಳು, ಅಂದರೆ ಒಂದೇ ಸಲಕ್ಕೆ ಹಿಡಿಯುವ ಬಿಟ್ ಗುಂಪುಗಳು, 12, 18, 36 ಬಿಟ್‌ಗಳಷ್ಟು ಉದ್ದವಿದ್ದಾಗ ಮೂರರ ಗುಂಪು ಚೆನ್ನಾಗಿ ಹೊಂದುತ್ತಿತ್ತು, ಅಷ್ಟಮಾನಕ್ಕೆ ಮರ್ಯಾದೆಯಿತ್ತು. 1964ರಲ್ಲಿ ಐಬಿಎಂನ ಸಿಸ್ಟಮ್/360 ಕಂಪ್ಯೂಟರ್ ಬಂದು ಎಂಟು ಬಿಟ್‌ಗಳ ಬೈಟ್ ನೆಲೆಯೂರಿದ ಮೇಲೆ ಹೆಕ್ಸ್‌ನ ಕಾಲ ಬಂತು. ಬೈನರಿಯೂ ಅನಾದಿಯದೇನಲ್ಲ. ಆರಂಭದ ಕಂಪ್ಯೂಟರ್‌ಗಳಲ್ಲೊಂದಾದ ಎನಿಯಾಕ್ ದಶಮಾನದಲ್ಲೇ ಲೆಕ್ಕ ಮಾಡುತ್ತಿತ್ತು, 1958ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ತಯಾರಾದ ಸೆಟುನ್ ಬೇಸ್ 3ರ ಯಂತ್ರ.

ವೇಗದ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಸಾವಿರಾರು ಅಂಕಿಗಳ ದೈತ್ಯ ಸಂಖ್ಯೆಯನ್ನು ದಶಮಾನ ಪಠ್ಯ ಮಾಡುವುದು ದುಬಾರಿ, ಹೆಕ್ಸ್ ಪಠ್ಯ ಮಾಡುವುದು ಅಗ್ಗ. ಇದನ್ನೇ ಬಳಸಿಕೊಂಡು ಸರ್ವರ್‌ಗಳನ್ನು ಉಸಿರುಗಟ್ಟಿಸಬಹುದು ಎಂಬ ಕಾರಣಕ್ಕೆ ಪೈಥಾನ್ 3.11ರಲ್ಲಿ ಇಂಥ ಪರಿವರ್ತನೆಗೆ 4300 ಅಂಕಿಗಳ ಮಿತಿ ಇದೆ. ಬೇಸ್ 2, 8, 16 ಇವಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಆದರೆ ನಿಮ್ಮದು ಎರಡು ಅಕ್ಷರಗಳ ಉಷ್ಣಾಂಶ. ಅಲ್ಲಿ ವೇಗದ ಮಾತೇ ಬರುವುದಿಲ್ಲ. ಅಳತೆಯನ್ನು ಪಠ್ಯವಾಗಿ ಇಟ್ಟರೆ ಸರಾಸರಿ ತೆಗೆಯಬೇಕಾದಾಗಲೆಲ್ಲ ಮತ್ತೆ ಓದಿ ಸಂಖ್ಯೆ ಮಾಡುವ ಕೆಲಸ ಬೀಳುತ್ತದೆ.

ಎರಡು ಕಾಲಂ ಇಡಬೇಡಿ. ಇಂದಲ್ಲ ನಾಳೆ ಯಾರೋ ಒಂದನ್ನು ಮಾತ್ರ ತಿದ್ದುತ್ತಾರೆ, ಆಮೇಲೆ ಯಾವುದು ನಿಜ ಎಂದು ಹೇಳುವವರು ಸಿಗುವುದಿಲ್ಲ. ಅಳತೆಗಳನ್ನು ಪೂರ್ಣಾಂಕದ ಕಾಲಂನಲ್ಲಿ ಇಡಿ, ಪರದೆಯ ಮೇಲೆ ಹೆಕ್ಸ್ ಬೇಕೆಂದವರಿಗೆ ಆಗ ಪರಿವರ್ತಿಸಿ ತೋರಿಸಿ. ಹೀಗೆ ಮಾಡಿದಾಗ ಕಳೆದುಹೋಗುವುದು ಅಗಲ, ಅಂದರೆ ಮುಂದಿನ ಸೊನ್ನೆಗಳು. 5 ಎಂಬುದು ‘5’ ಎಂದು ಬರುತ್ತದೆ, ‘05’ ಎಂದಲ್ಲ. ತೋರಿಸುವಾಗ ಎರಡು ಅಕ್ಷರದ ಅಗಲವನ್ನು ನಿಗದಿ ಮಾಡಿದರೆ ಮುಗಿಯಿತು. 64 ಬಿಟ್‌ಗಳ ದೊಡ್ಡ ಸಂಖ್ಯೆಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ನಿಖರವಾಗಿ ಹಿಡಿಯುವುದು 9007199254740991ರವರೆಗೆ ಮಾತ್ರ. ಅದರಾಚೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ, ‘ಬಿಗ್‌ಇಂಟ್’ ಬಳಸಬೇಕಾಗುತ್ತದೆ.

ಇನ್ನು ಮೈನಸ್ 5. ಎಂಟು ಬಿಟ್‌ಗಳಲ್ಲಿ ಬರೆಯಬಹುದಾದ ವಿನ್ಯಾಸಗಳು 256. ಅವನ್ನು ವಾಹನದ ಓಡೋಮೀಟರಿನ ಹಾಗೆ ಸುತ್ತುವ ಚಕ್ರ ಎಂದುಕೊಳ್ಳಿ. ಸೊನ್ನೆಯಿಂದ ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ಎಲ್ಲ ಸ್ಥಾನಗಳೂ ತುಂಬಿ ‘ಎಫ್‌ಎಫ್’ ಬರುತ್ತದೆ. ಅದನ್ನು ಮೈನಸ್ 1 ಎಂದು ಕರೆಯೋಣ ಎಂಬುದು ಒಪ್ಪಂದ. ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋದರೆ ‘ಎಫ್‌ಬಿ’, ಅಂದರೆ ಮೈನಸ್ 5. ಇದಕ್ಕೆ ಟೂಸ್ ಕಾಂಪ್ಲಿಮೆಂಟ್ ಎನ್ನುತ್ತಾರೆ. ಸಾಧನ ಕಳುಹಿಸಿದ ಬಿಟ್‌ಗಳು ಸರಿಯಾಗಿಯೇ ಇವೆ, ನೀವು ಓದಿದ್ದೂ ಸರಿ. ತಪ್ಪಿದ್ದು ಒಪ್ಪಂದ: ಅದು ಚಿಹ್ನೆ ಸಹಿತ ಬರೆಯಿತು, ನೀವು ಚಿಹ್ನೆ ರಹಿತ ಓದಿದಿರಿ. ಪೈಥಾನ್ ತಾನಾಗಿ ಇದನ್ನು ಊಹಿಸಲಾರದು, ಏಕೆಂದರೆ ಅದರ ಪೂರ್ಣಾಂಕಗಳಿಗೆ ನಿಗದಿತ ಅಗಲವೇ ಇಲ್ಲ. ‘ಎಫ್‌ಬಿ’ ಎಂಟು ಬಿಟ್‌ಗಳಲ್ಲಿ ಮೈನಸ್ 5 ಆದರೂ ಹದಿನಾರು ಬಿಟ್‌ಗಳಲ್ಲಿ 251ಏ ಆಗಿರುತ್ತದೆ.

ಪರಿಹಾರ ಒಂದು ಸಾಲು: ಓದಿದ ಸಂಖ್ಯೆ 128 ಅಥವಾ ಅದಕ್ಕಿಂತ ಹೆಚ್ಚಿದ್ದರೆ 256 ಕಳೆಯಿರಿ. ಹಾಗಲ್ಲದಿದ್ದರೆ ಪಠ್ಯವನ್ನು ಬೈಟ್‌ಗಳಾಗಿ ಮಾಡಿ ‘ಫ್ರಮ್ ಬೈಟ್ಸ್’ ವಿಧಾನಕ್ಕೆ ‘ಸೈನ್ಡ್’ ಎಂದು ಹೇಳಿ ಕೊಡಿ. ಅಪಾಯವಿರುವುದು ಇದನ್ನು ಎಲ್ಲ ಬೈಟ್‌ಗಳಿಗೂ ಹಚ್ಚುವುದರಲ್ಲಿ. ಅದೇ ಸಾಧನ ಕಳುಹಿಸುವ ಎಣಿಕೆಯೊಂದು 200 ಇದ್ದರೆ ಅದು ಮೈನಸ್ 56 ಆಗಿಬಿಡುತ್ತದೆ. ಯಾವ ಬೈಟ್‌ಗೆ ಚಿಹ್ನೆ ಇದೆ ಎಂಬುದನ್ನು ಸಾಧನದ ಕೈಪಿಡಿಯೇ ಹೇಳಬೇಕು. ಕೈಪಿಡಿ ತೆರೆದಾಗ ಇನ್ನೆರಡು ವಿಷಯ ನೋಡಿಕೊಳ್ಳಿ. ಒಂದು, ‘ಎಫ್‌ಎಫ್’ ಅಥವಾ ‘80’ ಎಂಬುದನ್ನು ಅಳತೆ ಸಿಕ್ಕಿಲ್ಲ ಎಂಬ ಸೂಚನೆಗಾಗಿ ಮೀಸಲಿಟ್ಟಿದ್ದಾರೆಯೇ? ಹಾಗಿದ್ದರೆ ಪರಿವರ್ತನೆಗೆ ಮುಂಚೆಯೇ ಅದನ್ನು ಬದಿಗಿಡಬೇಕು, ಇಲ್ಲದಿದ್ದರೆ ಕೆಟ್ಟುಹೋದ ಸೆನ್ಸರ್ ಮೈನಸ್ 1 ಡಿಗ್ರಿ ಎಂದು ನೆಮ್ಮದಿಯಾಗಿ ಹೇಳುತ್ತಿರುತ್ತದೆ. ಎರಡು, ಎರಡು ಬೈಟ್‌ಗಳ ಅಳತೆಯಿದ್ದರೆ ಯಾವ ಬೈಟ್ ಮೊದಲು ಬರುತ್ತದೆ? ‘012ಸಿ’ ಎಂದರೆ 300. ಬೈಟ್‌ಗಳು ಅದಲುಬದಲಾಗಿ ‘2ಸಿ01’ ಎಂದು ಓದಿದರೆ 11265.

ಗಡಿಯಾರದ ಚಿಪ್‌ಗಳ ಜೊತೆ ಕೆಲಸ ಮಾಡುವ ದಿನ ಬಂದರೆ ಮತ್ತೊಂದು ವೇಷ ಎದುರಾಗುತ್ತದೆ. ಡಿಎಸ್1307ನಂಥ ಚಿಪ್‌ಗಳು ನಿಮಿಷ, ಗಂಟೆಗಳನ್ನು ಬಿಸಿಡಿ ಎಂಬ ಪದ್ಧತಿಯಲ್ಲಿ ಇಡುತ್ತವೆ. ಅಲ್ಲಿ ಪ್ರತಿ ದಶಮಾನ ಅಂಕಿಗೂ ನಾಲ್ಕು ಬಿಟ್ ಮೀಸಲು. ಹೆಕ್ಸ್‌ನಲ್ಲಿ ‘59’ ಎಂದು ಕಂಡರೆ ಅದು 89 ಅಲ್ಲ, ಐವತ್ತೊಂಬತ್ತೇ ನಿಮಿಷ. ಮೊದಲ ಒಂಬತ್ತು ನಿಮಿಷ ಎಲ್ಲ ಸರಿಯಾಗಿ ನಡೆದು, ಹತ್ತನೆಯ ನಿಮಿಷಕ್ಕೆ 16 ಎಂದು ಜಿಗಿಯುವುದು ಈ ರೋಗದ ಲಕ್ಷಣ.

ಸ್ಪ್ರೆಡ್‌ಶೀಟ್‌ನ ತೊಂದರೆ ನಿಮ್ಮೊಬ್ಬರದಲ್ಲ. ‘12ಇ4’ ಎಂಬುದನ್ನು ಅದು ‘12 ಗುಣಿಸು ಹತ್ತರ ನಾಲ್ಕನೇ ಘಾತ’ ಎಂಬ ವೈಜ್ಞಾನಿಕ ಬರಹ ಎಂದುಕೊಂಡಿತು. ಜೀವವಿಜ್ಞಾನಿಗಳು ಇದೇ ಹಳ್ಳಕ್ಕೆ ಬಿದ್ದು, ‘2310009ಇ13’ ಎಂಬಂಥ ಗುರುತುಗಳು ದೈತ್ಯ ಸಂಖ್ಯೆಗಳಾಗಿ ಬದಲಾದದ್ದನ್ನು 2004ರಲ್ಲೇ ವರದಿ ಮಾಡಿದ್ದರು. ತಿಂಗಳ ಹೆಸರಿನಂತೆ ಕಾಣುತ್ತಿದ್ದ ಕೆಲವು ಜೀನ್‌ಗಳಿಗೆ ಕೊನೆಗೆ ಹೆಸರನ್ನೇ ಬದಲಿಸಬೇಕಾಯಿತು. ನಿಮ್ಮ ‘0012’ ಇನ್ನೂ ತಮಾಷೆ. ಹೆಕ್ಸ್ ಎಂದು ಓದಿದರೆ ಅದರ ಬೆಲೆ 18. ಸ್ಪ್ರೆಡ್‌ಶೀಟ್ ಕೊಟ್ಟ 12 ಸಂಖ್ಯೆಯಾಗಿಯೂ ತಪ್ಪು, ಹೆಸರಾಗಿಯೂ ತಪ್ಪು.

ಗುರುತಿನ ಸಂಕೇತವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಸರಾಸರಿ ತೆಗೆಯುವುದಿಲ್ಲ. ಹಾಗಾದರೆ ಅದು ಸಂಖ್ಯೆಯಲ್ಲ, ಹೆಸರು. ಹೆಸರನ್ನು ಪಠ್ಯವಾಗಿಯೇ ಇಡಿ. ಕಡತವನ್ನು ನೇರವಾಗಿ ಎರಡು ಸಲ ಒತ್ತಿ ತೆರೆಯುವ ಬದಲು ಆಮದು ಮಾಡಿಕೊಂಡು, ಆ ಕಾಲಂ ಪಠ್ಯ ಎಂದು ತಿಳಿಸಿ. ಪಠ್ಯವಾಗಿ ಇಟ್ಟಾಗ ‘12ಇ4’ ಎಂಬುದನ್ನು ಒಬ್ಬರು ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಸಣ್ಣಕ್ಷರದಲ್ಲಿ ಬರೆದು ಒಂದೇ ಸೆನ್ಸರ್ ಎರಡಾಗಿ ಕಾಣುವ ಅಪಾಯವಿದೆ. ಒಳಗೆ ಬರುವಾಗಲೇ ಎಲ್ಲವನ್ನೂ ದೊಡ್ಡಕ್ಷರ ಮಾಡಿ, ನಾಲ್ಕು ಅಕ್ಷರದ ಅಗಲಕ್ಕೆ ತನ್ನಿ. ಹಾಗೆ ಮಾಡಿದರೆ ವಿಂಗಡಣೆಯೂ ಸರಿಯಾಗುತ್ತದೆ. ಅಗಲ ಒಂದೇ ಇಲ್ಲದಿದ್ದರೆ ಪಠ್ಯದ ಲೆಕ್ಕದಲ್ಲಿ ‘10’ ಎಂಬುದು ‘9’ಕ್ಕಿಂತ ಮುಂಚೆ ಬಂದು ಕೂರುತ್ತದೆ.

ಆ 55 ಅಂಕಿಗಳು ನನಗೆ ಇಷ್ಟವಾದವು. ನೀವು ಓದಿದ್ದೂ ನಿಜ, ನಿಮ್ಮ ಫಂಕ್ಷನ್ ಹೇಳಿದ್ದೂ ನಿಜ. ಭಿನ್ನರಾಶಿಯನ್ನು ಬೈನರಿಗೆ ತರಲು ಎರಡರಿಂದ ಗುಣಿಸುತ್ತಾ ಹೋಗಿ, ಬಿಂದುವಿನ ಎಡಕ್ಕೆ ಬಂದ ಅಂಕಿಯನ್ನು ಬರೆದುಕೊಳ್ಳುತ್ತೇವೆ. 0.1 ಮೊದಲು 0.2, ಆಮೇಲೆ 0.4, 0.8, 1.6. ಒಂದನ್ನು ಬರೆದು 0.6 ಉಳಿಸಿಕೊಂಡರೆ 1.2. ಮತ್ತೆ ಒಂದನ್ನು ಬರೆದರೆ ಉಳಿಯುವುದು 0.2. ಅಲ್ಲಿಗೆ ಬಂದ ದಾರಿಗೇ ಮರಳಿದೆವು, ಇನ್ನು 0011 ಎಂಬುದು ಕೊನೆಯಿಲ್ಲದೆ ಮರುಕಳಿಸುತ್ತದೆ. ಹತ್ತರಲ್ಲಿ ಐದು ಎಂಬ ಅಪವರ್ತನವಿದೆ, ಎರಡರ ಘಾತಗಳಲ್ಲಿ ಅದಿಲ್ಲ. ಕಾರಣ ಅಷ್ಟೇ. ದಶಮಾನದಲ್ಲಿ ಮೂರನೇ ಒಂದು 0.333 ಎಂದು ಮುಗಿಯದಿರುವುದಕ್ಕೂ ಇದೇ ಕಾರಣ.

ಹಾಗಾದರೆ ನಿಮ್ಮ ಫಂಕ್ಷನ್ ನಿಂತದ್ದೇಕೆ? ನೀವು 0.1 ಎಂದು ಟೈಪ್ ಮಾಡಿದ ಕ್ಷಣವೇ, ನಿಮ್ಮ ಫಂಕ್ಷನ್ ಶುರುವಾಗುವ ಮೊದಲೇ, ಭಾಷೆ ಅದನ್ನು ಬೈನರಿಗೆ ಪರಿವರ್ತಿಸಿ 53 ಮಹತ್ವದ ಬಿಟ್‌ಗಳಿಗೆ ಕತ್ತರಿಸಿ ದುಂಡಾಗಿಸಿತ್ತು. ನಿಮ್ಮ ಕೈಗೆ ಬಂದದ್ದು ಹತ್ತನೇ ಒಂದಲ್ಲ, ಅದರ ಅತ್ಯಂತ ಸಮೀಪದ ನೆರೆಯವನು, ಒಂದು ಕೂದಲೆಳೆಯಷ್ಟು ದೊಡ್ಡದು. ಆ ನೆರೆಯವನ ಬೈನರಿ ಬರಹ ಸರಿಯಾಗಿ 55ನೇ ಸ್ಥಾನದಲ್ಲಿ ಮುಗಿಯುತ್ತದೆ. ನೀವು ನಿಖರವಾಗಿ ಪರಿವರ್ತಿಸಿದ್ದೀರಿ, ಬೇರೆ ಸಂಖ್ಯೆಯನ್ನು. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದೂ ಇದರಿಂದಲೇ. ಈ ಕೂದಲೆಳೆ ಸೇರುತ್ತಾ ಹೋದರೆ ಏನಾಗಬಹುದು ಎಂಬುದಕ್ಕೆ 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ನಡೆದದ್ದು ಸಾಕ್ಷಿ. ಅಲ್ಲಿನ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟುಕೊಂಡಿತ್ತು. ಸುಮಾರು ನೂರು ಗಂಟೆ ಎಡೆಬಿಡದೆ ಓಡಿದ ಮೇಲೆ ಅದರ ಸಮಯ 0.34 ಸೆಕೆಂಡಿನಷ್ಟು ತಪ್ಪಿತ್ತು. ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪು ಜಾಗದಲ್ಲಿ ಹುಡುಕಿತು, 28 ಸೈನಿಕರು ಸತ್ತರು. ನಿಮ್ಮ ಸೆನ್ಸರ್ ಹತ್ತನೇ ಡಿಗ್ರಿಗಳಲ್ಲಿ ಅಳೆಯುವುದಾದರೆ ಹತ್ತನೇ ಭಾಗಗಳನ್ನೇ ಪೂರ್ಣಾಂಕವಾಗಿ ಎಣಿಸಿ ಇಡಿ, ತೋರಿಸುವಾಗ ಮಾತ್ರ ಬಿಂದು ಹಾಕಿ.

ಸ್ವಂತ ಫಂಕ್ಷನ್ ವಿಷಯ. ಬರೆದು ಕಲಿಯಿರಿ, ಕೆಲಸಕ್ಕೆ ಭಾಷೆಯದ್ದನ್ನೇ ಬಳಸಿ. ಶೇಷ ತೆಗೆಯುತ್ತಾ ಹೋಗುವ ವಿಧಾನ ಸರಳವೇ: 300ನ್ನು 16ರಿಂದ ಭಾಗಿಸಿದರೆ ಶೇಷ 12, ಭಾಗಲಬ್ಧ 18. ಹದಿನೆಂಟರಿಂದ ಶೇಷ 2, ಒಂದರಿಂದ ಶೇಷ 1. ಕೆಳಗಿನಿಂದ ಮೇಲಕ್ಕೆ ಓದಿದರೆ 12ಸಿ. ಎಲ್ಲರೂ ಎಡವುವುದು ಈ ತಿರುಗಿಸಿ ಓದುವಲ್ಲಿ. ಛಂದಸ್ಸಿನಲ್ಲಿ ಲಘು ಗುರುಗಳ ಎಲ್ಲ ಜೋಡಣೆಗಳನ್ನೂ ಸಾಲಾಗಿ ಬರೆಯುವ ಪ್ರಸ್ತಾರ ಹಾಕಿದವರಿಗೆ ಈ ಕಷ್ಟವಿಲ್ಲ. ಪ್ರಾಚೀನ ಛಂದಶ್ಶಾಸ್ತ್ರಕಾರ ಪಿಂಗಳನ ‘ನಷ್ಟ’ ವಿಧಾನದಲ್ಲಿ ಮೂರಕ್ಷರದ ಪ್ರಸ್ತಾರದ ಆರನೆಯ ಸಾಲು ಯಾವುದು ಎಂದು ಕೇಳಿದರೆ ಅರ್ಧಿಸುತ್ತಾ ಹೋಗುತ್ತಾರೆ. ಸಮವಾದರೆ ಲಘು, ಬೆಸವಾದರೆ ಒಂದು ಕೂಡಿಸಿ ಅರ್ಧಿಸಿ ಗುರು. ಆರು ಸಮ, ಲಘು; ಮೂರು ಬೆಸ, ಗುರು; ಎರಡು ಸಮ, ಲಘು. ಮೂರಕ್ಷರದ ಗಣ ಸಿದ್ಧ, ಅದೂ ಎಡದಿಂದ ಬಲಕ್ಕೆ, ಏಕೆಂದರೆ ಅಲ್ಲಿ ಬೇಗ ಬದಲಾಗುವ ಸ್ಥಾನ ಎಡಗಡೆಗಿದೆ. ಬೈನರಿ ಪರಿವರ್ತನೆಯೇ ಅದು, ಬೇರೆ ಹೆಸರಿನಲ್ಲಿ.

ನಿಮ್ಮ ಫಂಕ್ಷನ್‌ಗೆ ಸೊನ್ನೆ ಕೊಟ್ಟು ನೋಡಿ. ಖಾಲಿ ಪಠ್ಯ ಬರುವ ಸಾಧ್ಯತೆ ಹೆಚ್ಚು. ಮೈನಸ್ 5 ಕೊಟ್ಟರೆ ಪೈಥಾನ್‌ನಲ್ಲಿ ಮುಗಿಯದ ಲೂಪ್ ಆಗಬಹುದು, ಏಕೆಂದರೆ ಅಲ್ಲಿ ಮೈನಸ್ 1ನ್ನು 16ರಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ ಮತ್ತೆ ಮೈನಸ್ 1ಏ ಸಿಗುತ್ತದೆ, ಸೊನ್ನೆ ಬರುವುದೇ ಇಲ್ಲ. ಭಾಷೆಯ ಫಂಕ್ಷನ್‌ಗಳಿಗೂ ಅವುಗಳದೇ ಚಾಳಿಗಳಿವೆ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಅಂಕಿಯಲ್ಲದ ಅಕ್ಷರ ಕಂಡೊಡನೆ ಅಲ್ಲಿಯವರೆಗಿನದನ್ನು ಕೊಟ್ಟು ಸುಮ್ಮನಾಗುತ್ತದೆ. ಪೈಥಾನ್‌ನ ‘ಇಂಟ್’ ದೋಷ ಎತ್ತುತ್ತದೆ, ಆದರೆ ಬೇಸ್ ಹೇಳದಿದ್ದರೆ ಹತ್ತು ಎಂದೇ ತಿಳಿಯುತ್ತದೆ. ‘10’ ಎಂಬ ಹೆಕ್ಸ್ ಪಠ್ಯಕ್ಕೆ 16 ಎಂದು ಹೇಳಲು ಮರೆತರೆ ಯಾವ ದೋಷವೂ ಕಾಣದೆ ಹತ್ತು ಸಿಗುತ್ತದೆ. ಯಾವ ಭಾಷೆಯಾದರೂ ಬೇಸ್ ಅನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಿ.

ಈಗಾಗಲೇ ಸೇರಿಕೊಂಡಿರುವ ದಾಖಲೆಗಳ ಮಾತು ಉಳಿಯಿತು. ಉಷ್ಣಾಂಶದ ಕಾಲಂನಲ್ಲಿ 128 ಮತ್ತು ಅದಕ್ಕಿಂತ ಮೇಲಿರುವ ಬೆಲೆಗಳಿಂದ 256 ಕಳೆದರೆ ಹಳೆಯ ಸಾಲುಗಳೂ ಸರಿಹೋಗುತ್ತವೆ. ಪ್ರತಿ ತೆಗೆದಿಟ್ಟುಕೊಂಡು ಮಾಡಿ. ತಪ್ಪಿ ಎರಡು ಸಲ ಓಡಿಸಿದರೂ ಹಾನಿಯಿಲ್ಲ, ಎರಡನೆಯ ಸಲಕ್ಕೆ 128ರ ಮೇಲೆ ಯಾವುದೂ ಉಳಿದಿರುವುದಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಉಳಿಸಿದ ಸಂಕೇತಗಳಿಗೆ ಮಾತ್ರ ಇಂಥ ದಾರಿಯಿಲ್ಲ. 100000 ಎಂಬುದು ‘10ಇ4’ ಆಗಿತ್ತೋ ‘01ಇ5’ ಆಗಿತ್ತೋ ಈಗ ಹೇಳಲಾಗದು. ಅವುಗಳನ್ನು ಸಾಧನಗಳಿಂದಲೇ ಮತ್ತೆ ಓದಿಸಿಕೊಳ್ಳಬೇಕು.